ಉಪ್ಪಾಗೆ ಹಣ್ಣಿಗೆ ಒಂದು ಪರೀಕ್ಷೆ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆಯ ಕಾಡಿಗೆ ಹೋದರೆ ಕೆಲವು ಮರಗಳ ಬುಡದಲ್ಲಿ ಹಳದಿ ಹಣ್ಣುಗಳು ಉದುರಿ ಬಿದ್ದಿರುತ್ತವೆ. ನಿಂಬೆಹಣ್ಣಿಗಿಂತ ಕೊಂಚ ದೊಡ್ಡವು. ಮೈ ಮಾತ್ರ ನಿಂಬೆಯಂತೆ ನುಣ್ಣಗಿಲ್ಲ. ತೊಟ್ಟಿನಿಂದ ಬುಡದವರೆಗೆ ಉದ್ದುದ್ದ ಉಬ್ಬು, ಎರಡು ಉಬ್ಬಿನ ನಡುವೆ ಒಂದು ತಗ್ಗು. ಒಂದನ್ನು ಎತ್ತಿಕೊಂಡು ಬೆರಳಾಡಿಸಿ ನೋಡಿ, ಕಣ್ಣು ಮುಚ್ಚಿಕೊಂಡರೂ ಗುರುತು ಹಿಡಿಯಬಹುದು. ಇದೇ ಉಪ್ಪಾಗೆ. ಬೇಸಿಗೆಯಲ್ಲಿ ಶರಬತ್ತು ಮಾಡುತ್ತೇವಲ್ಲ, ಆ ಕೆಂಪು ಮುರುಗಲು, ಕರಾವಳಿಯವರ ಪುನರ್ಪುಳಿ, ಅದರ ಹತ್ತಿರದ ನೆಂಟ ಇದು.

ಕಚ್ಚಿದರೆ ಹುಳಿ. ಅಂಥಿಂಥ ಹುಳಿಯಲ್ಲ, ಕಿವಿಯ ಹಿಂದೆ ಜುಮ್ಮೆನ್ನುವ ಹುಳಿ! ಅದಕ್ಕೇ ಘಟ್ಟದ ಅಡುಗೆಮನೆಗಳಲ್ಲಿ ಇದಕ್ಕೆ ಮರ್ಯಾದೆ. ಕೊಡಗಿನವರು ಇದರ ರಸವನ್ನು ಕಪ್ಪಗೆ, ಮಂದವಾಗುವ ತನಕ ಕಾಯಿಸಿ ಕಾಚಂಪುಳಿ ಮಾಡಿ ಸೀಸೆಯಲ್ಲಿ ತುಂಬಿಡುತ್ತಾರೆ. ಕೇರಳದವರು ಒಣಸಿಪ್ಪೆಯನ್ನು ಕುಡಂಪುಳಿ ಎಂದು ಕರೆದು ಮೀನಿನ ಸಾರಿಗೆ ಹಾಕುತ್ತಾರೆ.

ಹಣ್ಣಾಗುವುದು ಮಳೆಗಾಲದಲ್ಲಿ. ಆಗ ಬಿಸಿಲು ಎಲ್ಲಿದೆ? ಹಾಗಾಗಿ ಹಣ್ಣನ್ನು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ, ಹೊಗೆಯಲ್ಲಿ ಒಣಗಿಸುತ್ತಾರೆ. ಹಳದಿ ಸಿಪ್ಪೆ ಸುಕ್ಕುಗಟ್ಟಿ ಕರ್ರಗಾಗುತ್ತದೆ. ಹೀಗೆ ಒಣಗಿದ್ದು ವರ್ಷವಾದರೂ ಕೆಡುವುದಿಲ್ಲ.

ಅಡುಗೆಯಷ್ಟೇ ಅಲ್ಲ, ಔಷಧಿಗೂ ಈ ಸಿಪ್ಪೆ ಬೇಕು. ಹೊಟ್ಟೆ ಕೆಟ್ಟರೆ ಇದರ ಕಷಾಯ ಕೊಡುವ ರೂಢಿ ಹಿಂದಿನಿಂದಲೂ ಇದೆ. ಆದರೆ ಉಪ್ಪಾಗೆ ಪ್ರಪಂಚದಲ್ಲೆಲ್ಲ ಹೆಸರು ಮಾಡಿದ್ದು ಬೇರೆಯೇ ಒಂದು ಮಾತಿನಿಂದ: ‘ಇದರ ಸಾರವನ್ನು ತಿಂದರೆ ಮೈತೂಕ ಇಳಿಯುತ್ತದೆ.’ ಇದು ಯಾವುದೋ ಊರಿನ ಅಜ್ಜಿ ಹೇಳಿದ ಮಾತು ಎಂದುಕೊಂಡಿರಾ? ಅಲ್ಲವೇ ಅಲ್ಲ. ಪ್ರಯೋಗಾಲಯಗಳಿಂದ ಹೊರಟು ಅಂಗಡಿಗೆ ಬಂದ ಮಾತು. ನಿಜವೋ ಸುಳ್ಳೋ ಎಂದು ಅದನ್ನು ಹೇಗೆ ಪರೀಕ್ಷಿಸಿದರು? ಆ ಕಥೆಯನ್ನು ನಿಮಗೆ ಹೇಳಬೇಕೆಂದು ನನಗೆ ಬಹಳ ದಿನದಿಂದ ಆಸೆ. ಬನ್ನಿ, ಕೂತುಕೊಳ್ಳಿ.

ಕಥೆ ಶುರುವಾಗುವುದು ನಮ್ಮ ಮೈಸೂರಿನಲ್ಲಿ. ಅಲ್ಲಿ ಚೆಲುವಾಂಬ ವಿಲಾಸ ಅರಮನೆ ಎಂಬ ಚೆಂದದ ಕಟ್ಟಡವಿದೆ. ಒಳಗೆ ರಾಜರಾಣಿಯರಿಲ್ಲ, ವಿಜ್ಞಾನಿಗಳಿದ್ದಾರೆ! 1950ರಿಂದ ಅದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮನೆ. ನಾವು ತಿನ್ನುವ ಕಾಳು, ಹಣ್ಣು, ಸಂಬಾರಗಳಲ್ಲಿ ಏನೇನಿದೆ ಎಂದು ಹುಡುಕುವುದೇ ಅಲ್ಲಿಯವರ ಕೆಲಸ. 1960ರ ದಶಕದಲ್ಲಿ ಅಲ್ಲಿದ್ದ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಎಂಬ ಇಬ್ಬರಿಗೆ ಒಂದು ಪ್ರಶ್ನೆ ಎದುರಾಯಿತು. ಉಪ್ಪಾಗೆ ಹುಳಿ, ಸರಿ. ಆದರೆ ಯಾವ ಹುಳಿ?

ಇದೇನು ಪ್ರಶ್ನೆ, ಹುಳಿ ಎಂದರೆ ಹುಳಿ ಅಲ್ಲವೇ ಎನ್ನುತ್ತೀರಿ. ನಾಲಿಗೆಗೆ ಹಾಗೆ. ಆದರೆ ಹುಣಸೆಯನ್ನು ಹುಳಿ ಮಾಡುವ ವಸ್ತು ಬೇರೆ, ಅದು ಟಾರ್ಟಾರಿಕ್ ಆಮ್ಲ. ನಿಂಬೆಯದು ಸಿಟ್ರಿಕ್ ಆಮ್ಲ. ಮಜ್ಜಿಗೆಯದು ಲ್ಯಾಕ್ಟಿಕ್ ಆಮ್ಲ. ಆಮ್ಲ ಎಂದರೆ ಸದ್ಯಕ್ಕೆ ‘ಹುಳಿ ಕೊಡುವ ವಸ್ತು’ ಎಂದಿಟ್ಟುಕೊಳ್ಳಿ, ಸಾಕು. ಉಪ್ಪಾಗೆಯಲ್ಲಿರುವುದೂ ಹುಣಸೆಯ ಅಥವಾ ನಿಂಬೆಯ ಆಮ್ಲವೇ ಇರಬೇಕು ಎಂದು ಅದಕ್ಕೆ ಮುಂಚೆ ಭಾವಿಸಿದ್ದರು.

ಅದನ್ನು ತಿಳಿಯಲು ಮೊದಲು ಸಾರ ತೆಗೆಯಬೇಕು. ಸಾರ ತೆಗೆಯುವುದು ನಿಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಮನೆಯಲ್ಲಿ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಹಾಕಿ, ಕಿವುಚಿ, ಚರಟ ಎಸೆದು, ರಸವನ್ನಷ್ಟೇ ಇಟ್ಟುಕೊಳ್ಳುತ್ತಾರಲ್ಲ, ಅದೇ ಸಾರ ತೆಗೆಯುವುದು. ನೀರಿನಲ್ಲಿ ಕರಗುವುದೆಲ್ಲ ನೀರಿಗೆ ಬರುತ್ತದೆ, ಕರಗದ್ದು ಚರಟದಲ್ಲಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಮಾಡುವುದೂ ಇಷ್ಟೇ, ಅಳತೆ ಮಾತ್ರ ಬಲು ಬಿಗಿ. ಎಷ್ಟು ಸಿಪ್ಪೆ, ಎಷ್ಟು ನೀರು, ಎಷ್ಟು ಬಿಸಿ, ಎಷ್ಟು ಹೊತ್ತು, ಎಲ್ಲವನ್ನೂ ಬರೆದಿಡುತ್ತಾರೆ. ಬರೆದಿಡದಿದ್ದರೆ ಮತ್ತೊಬ್ಬರು ಅದೇ ಸಾರವನ್ನು ಮತ್ತೆ ಮಾಡಿ ನೋಡುವುದು ಹೇಗೆ?

ಸಾರ ಬಂತು. ಅದರೊಳಗೆ ಹತ್ತಾರು ವಸ್ತುಗಳು ಕಲೆತುಹೋಗಿವೆ. ಅವನ್ನು ಬಿಡಿಸಲು ಆ ಕಾಲದ ಪ್ರಯೋಗಾಲಯಗಳಲ್ಲಿ ಒಂದು ಸೊಗಸಾದ ಉಪಾಯವಿತ್ತು. ಅದಕ್ಕೆ ಬೇಕಾದದ್ದು ಒಂದು ಕಾಗದದ ಪಟ್ಟಿ! ನೀವೂ ಮಾಡಿ ನೋಡಬಹುದು. ಹೀರುಕಾಗದದ ಒಂದು ಉದ್ದನೆಯ ಪಟ್ಟಿ ಕತ್ತರಿಸಿ. ತುದಿಯಿಂದ ಎರಡು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ದಪ್ಪ ಚುಕ್ಕೆ ಇಡಿ. ಲೋಟದ ತಳದಲ್ಲಿ ಸ್ವಲ್ಪ ನೀರಿಟ್ಟು ಪಟ್ಟಿಯ ತುದಿಯನ್ನು ಮುಳುಗಿಸಿ. ಚುಕ್ಕೆ ಮಾತ್ರ ನೀರಿಗೆ ತಾಗಬಾರದು.

ಈಗ ಸುಮ್ಮನೆ ಕೂತು ನೋಡಿ. ನೀರು ಕಾಗದದಲ್ಲಿ ಮೆಲ್ಲಗೆ ಮೇಲೇರುತ್ತದೆ, ಚುಕ್ಕೆಯನ್ನು ಮುಟ್ಟುತ್ತದೆ, ಅದನ್ನೂ ಎಳೆದುಕೊಂಡು ಮೇಲೆ ಹೋಗುತ್ತದೆ. ಕಪ್ಪು ಎಂದುಕೊಂಡಿದ್ದರಲ್ಲಿ ನೀಲಿ, ಕೆಂಪು, ಹಳದಿ ಬಿಚ್ಚಿಕೊಳ್ಳುತ್ತವೆ! ನೀರಿನ ಜೊತೆ ಬೇಗ ಓಡುವ ಬಣ್ಣ ಮೇಲೆ, ಕಾಗದಕ್ಕೆ ಅಂಟಿಕೊಳ್ಳುವ ಬಣ್ಣ ಕೆಳಗೆ. ಆಮ್ಲಗಳನ್ನೂ ಹೀಗೆಯೇ ಕಾಗದದ ಮೇಲೆ ಓಡಿಸಬಹುದು. ಅವುಗಳಿಗೆ ಬಣ್ಣವಿಲ್ಲ, ಆದ್ದರಿಂದ ಆಮೇಲೆ ಕಾಗದಕ್ಕೆ ಆಮ್ಲವಿದ್ದಲ್ಲಿ ಬಣ್ಣ ಬದಲಿಸುವ ದ್ರವ ಸಿಂಪಡಿಸುತ್ತಾರೆ. ಪಕ್ಕದಲ್ಲೇ ಹುಣಸೆಯ ಆಮ್ಲ, ನಿಂಬೆಯ ಆಮ್ಲಗಳ ಚುಕ್ಕೆಗಳನ್ನೂ ಓಡಿಸಿದರೆ ಯಾವುದು ಯಾವುದರ ಮಟ್ಟಕ್ಕೆ ನಿಂತಿತು ಎಂದು ಕಣ್ಣಿಗೇ ಕಾಣುತ್ತದೆ.

1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ತಮ್ಮ ಉತ್ತರವನ್ನು ಪ್ರಕಟಿಸಿದರು. ಉಪ್ಪಾಗೆಯ ಮುಖ್ಯ ಹುಳಿ ಹುಣಸೆಯದಲ್ಲ, ನಿಂಬೆಯದೂ ಅಲ್ಲ. ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಹೆಸರು ಉದ್ದವಾಯಿತೇ? ನಾವು ‘ಉಪ್ಪಾಗೆ ಆಮ್ಲ’ ಎನ್ನೋಣ. ನಿಂಬೆಯ ಆಮ್ಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ತೀರ ಸಣ್ಣದು: ಇದರಲ್ಲಿ ಒಂದೇ ಒಂದು ಆಮ್ಲಜನಕದ ಪರಮಾಣು ಹೆಚ್ಚು. ಒಣಸಿಪ್ಪೆಯ ನೂರು ಗ್ರಾಮಿನಲ್ಲಿ 10ರಿಂದ 30 ಗ್ರಾಂ ಈ ಆಮ್ಲವೇ ಇರುತ್ತದೆ. ಇಷ್ಟೊಂದು ಪ್ರಮಾಣದಲ್ಲಿ ಇದು ಸಿಗುವ ಗಿಡಮರಗಳು ಬಹಳ ಕಡಿಮೆ.

ಈಗ ಕಥೆ ಅಮೆರಿಕಕ್ಕೆ ಹಾರುತ್ತದೆ. ಅಲ್ಲಿ ಜಾನ್ ಲೋವೆನ್‌ಸ್ಟೈನ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ನಮ್ಮ ದೇಹ ಕೊಬ್ಬನ್ನು ಹೇಗೆ ತಯಾರಿಸುತ್ತದೆ ಎಂದು ನೋಡುತ್ತಿದ್ದರು. ಬೇಕಾದದ್ದಕ್ಕಿಂತ ತೀರ ಹೆಚ್ಚು ಸಕ್ಕರೆ, ಬೆಲ್ಲ, ಅನ್ನ ತಿಂದರೆ ದೇಹ ಅದನ್ನು ಎಸೆಯುವುದಿಲ್ಲ. ಸ್ವಲ್ಪವನ್ನು ಕೊಬ್ಬಾಗಿ ಬದಲಾಯಿಸಿ ಕೂಡಿಡುತ್ತದೆ. ಈ ಕೆಲಸದ ನಡುವೆ ಒಂದು ಹಂತದಲ್ಲಿ ಸಿಟ್ರಿಕ್ ಆಮ್ಲವನ್ನು ತುಂಡು ಮಾಡಬೇಕು. ಹೌದು, ನಿಂಬೆಯಲ್ಲಿರುವ ಅದೇ ಆಮ್ಲ ನಮ್ಮ ಮೈಯೊಳಗೂ ದಿನವೂ ತಯಾರಾಗುತ್ತದೆ! ಅದನ್ನು ತುಂಡರಿಸಲೆಂದೇ ದೇಹದಲ್ಲಿ ಒಂದು ಕಿಣ್ವವಿದೆ. ಕಿಣ್ವ ಎಂದರೆ ಮೈಯೊಳಗೆ ಒಂದೊಂದು ಕೆಲಸಕ್ಕೆಂದು ಇರುವ ಪುಟ್ಟ ಕೆಲಸಗಾರ.

ಅದನ್ನು ಮನಸ್ಸಿನಲ್ಲಿ ಹೇಗೆ ಚಿತ್ರಿಸಿಕೊಳ್ಳುವುದು? ಅಜ್ಜನ ಅಡಕತ್ತರಿಯನ್ನು ನೆನೆಸಿಕೊಳ್ಳಿ. ಎರಡು ಬಾಯಿಯ ನಡುವೆ ಅಡಿಕೆ ಇಟ್ಟು ಒತ್ತಿದರೆ ಕಟಕ್ಕನೆ ಎರಡು ಹೋಳು. ಇನ್ನೊಂದು ಅಡಿಕೆ, ಮತ್ತೆ ಕಟಕ್. ಯಾರೋ ತುಂಟರು ಅಡಿಕೆಯಷ್ಟೇ ಗಾತ್ರದ, ಅಡಿಕೆಯದೇ ಬಣ್ಣದ ಒಂದು ಕಲ್ಲನ್ನು ಬಟ್ಟಲಿಗೆ ಹಾಕಿಬಿಟ್ಟರು ಎನ್ನಿ. ಅಜ್ಜನಿಗೆ ಗೊತ್ತಾಗದೆ ಅದನ್ನೇ ಅಡಕತ್ತರಿಗೆ ಇಟ್ಟರೆ ಏನಾಗುತ್ತದೆ? ಒತ್ತಿದರೂ ಒಡೆಯುವುದಿಲ್ಲ. ಕಲ್ಲು ಅಲ್ಲಿ ಕೂತಿರುವ ತನಕ ನಿಜವಾದ ಅಡಿಕೆಗೆ ಜಾಗವೂ ಇಲ್ಲ. ಬಟ್ಟಲಲ್ಲಿ ಇಂಥ ಕಲ್ಲುಗಳೇ ಹೆಚ್ಚಾದರೆ ಅಜ್ಜನ ಕವಳ ಆದಂತೆಯೇ!

ಉಪ್ಪಾಗೆ ಆಮ್ಲವೇ ಆ ಕಲ್ಲು. ಸಿಟ್ರಿಕ್ ಆಮ್ಲದಂತೆಯೇ ಕಾಣುವುದರಿಂದ ಕಿಣ್ವದ ಬಾಯಲ್ಲಿ ಹೋಗಿ ಕೂರುತ್ತದೆ, ಆದರೆ ತುಂಡಾಗುವುದಿಲ್ಲ. ಕಿಣ್ವದ ಕೆಲಸ ನಿಧಾನವಾಗುತ್ತದೆ. ಲೋವೆನ್‌ಸ್ಟೈನ್ ಬಳಗ ಇದನ್ನು 1969ರಲ್ಲಿ ಪ್ರಕಟಿಸಿತು. ಕೊಬ್ಬು ತಯಾರಿಸುವ ದಾರಿಗೆ ಅಡ್ಡ ಹಾಕುವ ಒಂದು ಕಾಡುಹಣ್ಣು! ಕೇಳಿದವರ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ಆದರೆ ತಡೆಯಿರಿ. ಇದೆಲ್ಲ ನಡೆದದ್ದು ಗಾಜಿನ ನಳಿಗೆಯಲ್ಲಿ. ಅಲ್ಲಿ ಕಿಣ್ವವಿತ್ತು, ಆಮ್ಲವಿತ್ತು, ಬೇರೆ ಯಾರೂ ಇರಲಿಲ್ಲ. ನಮ್ಮ ದೇಹದಲ್ಲಿ ಹಾಗೆಯೇ? ನುಂಗಿದ್ದು ಹೊಟ್ಟೆಗೆ ಹೋಗಬೇಕು, ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳಬೇಕು, ರಕ್ತದಲ್ಲಿ ಹರಿದು ಯಕೃತ್ತನ್ನು ಸೇರಬೇಕು, ಜೀವಕೋಶದೊಳಗೆ ನುಗ್ಗಬೇಕು. ಅಷ್ಟು ದೂರ ಎಷ್ಟು ಆಮ್ಲ ತಲುಪೀತು? ನಳಿಗೆ ಇದಕ್ಕೆ ಉತ್ತರ ಹೇಳುವುದಿಲ್ಲ.

ಹಾಗಾಗಿ ಮುಂದಿನ ಸರದಿ ಇಲಿಗಳದು. 1970ರ ದಶಕದಲ್ಲಿ ಇಲಿಗಳಿಗೆ ಸಕ್ಕರೆ ಹೆಚ್ಚಿರುವ ಆಹಾರ ಕೊಟ್ಟು, ಕೆಲವಕ್ಕೆ ಉಪ್ಪಾಗೆ ಆಮ್ಲವನ್ನೂ ಕೊಟ್ಟು ನೋಡಿದರು. ಆಮ್ಲ ತಿಂದ ಇಲಿಗಳ ಮೈಯಲ್ಲಿ ಕೊಬ್ಬು ಕಡಿಮೆ ತಯಾರಾಯಿತು. ಅವು ತಿನ್ನುವುದನ್ನೂ ಕಡಿಮೆ ಮಾಡಿದವು. ಸಂತೋಷದ ಸುದ್ದಿಯೇ. ಆದರೆ ಇಲಿ ಇಲಿಯೇ, ನಾವು ನಾವೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನುಷ್ಯರ ಮೇಲಿನ ಸರಿಯಾದ ಪರೀಕ್ಷೆಗೆ ಕಾಯುವ ತಾಳ್ಮೆ ವ್ಯಾಪಾರಕ್ಕೆ ಇರಲಿಲ್ಲ. 1990ರ ದಶಕದಲ್ಲಿ ಹೊರದೇಶಗಳಲ್ಲಿ ಉಪ್ಪಾಗೆ ಸಾರದ ಮಾತ್ರೆಗಳು ಭರ್ಜರಿಯಾಗಿ ಮಾರಾಟವಾದವು. ಇತ್ತ ನಮ್ಮ ಘಟ್ಟದಲ್ಲಿ ಒಣಸಿಪ್ಪೆಗೆ ಬೆಲೆ ಬಂತು. ಹಣ್ಣು ಕೊಯ್ಯುವ ಅವಸರದಲ್ಲಿ ಕೊಂಬೆಗಳನ್ನೇ ಕಡಿದವರಿದ್ದರು, ಸಿಪ್ಪೆ ಒಣಗಿಸಲು ಕಾಡಿನ ಕಟ್ಟಿಗೆಯೂ ರಾಶಿ ರಾಶಿ ಉರಿಯಿತು. ಎಲ್ಲೋ ಯಾರೋ ತೆಳ್ಳಗಾಗಬೇಕೆಂದು ಶಿರಸಿಯ ಕಾಡು ತೆಳ್ಳಗಾಗುವುದು ಎಂಥ ನ್ಯಾಯವೋ, ನನಗಂತೂ ಒಪ್ಪಿಗೆಯಾಗಲಿಲ್ಲ.

ಸರಿ, ಪರೀಕ್ಷೆಗೆ ಬರೋಣ. ಮನುಷ್ಯರ ಮೇಲೆ ಇದನ್ನು ಪರೀಕ್ಷಿಸಬೇಕಾದರೆ ನೀವು ಏನು ಮಾಡುತ್ತೀರಿ? ‘ಒಂದಷ್ಟು ಜನಕ್ಕೆ ಮಾತ್ರೆ ಕೊಡುವುದು, ಮೂರು ತಿಂಗಳು ಬಿಟ್ಟು ತೂಕ ನೋಡುವುದು. ಇಳಿದಿದ್ದರೆ ಮಾತ್ರೆ ಒಳ್ಳೆಯದು!’ ಎನ್ನುತ್ತೀರಿ, ಅಲ್ಲವೇ? ಕೇಳಲು ಸರಿಯಾಗೇ ಇದೆ. ಆದರೆ ಇದರಲ್ಲೊಂದು ತೂತು ಇದೆ. ಮುಂದೆ ಓದುವ ಮೊದಲು ಒಂದು ನಿಮಿಷ ನೀವೇ ಹುಡುಕಿ ನೋಡಿ.

ಸಿಕ್ಕಿತೇ? ಪರೀಕ್ಷೆಗೆಂದು ಬಂದವರು ಸುಮ್ಮನಿರುವುದಿಲ್ಲ. ವೈದ್ಯರು ತೂಕ ನೋಡುತ್ತಾರೆಂದು ಗೊತ್ತಿರುವಾಗ ಎರಡನೇ ಹೋಳಿಗೆಗೆ ಕೈ ಹೋಗುವುದಿಲ್ಲ. ನಾಲ್ಕು ಹೆಜ್ಜೆ ಹೆಚ್ಚೇ ನಡೆಯುತ್ತಾರೆ. ತೂಕ ಇಳಿದರೆ ಅದು ಮಾತ್ರೆಯ ಕೆಲಸವೋ ಬಿಟ್ಟ ಹೋಳಿಗೆಯ ಕೆಲಸವೋ ಹೇಗೆ ಹೇಳುವುದು?

ಅದಕ್ಕೇ ಎರಡು ಗುಂಪು ಬೇಕು. ಒಂದಕ್ಕೆ ನಿಜವಾದ ಮಾತ್ರೆ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಔಷಧಿಯೇ ಇಲ್ಲದ ಹುಸಿಮಾತ್ರೆ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಡಬೇಕು. ಇಲ್ಲವಾದರೆ ‘ಪಾಪ, ಇವರಿಗೆ ನಿಜವಾದದ್ದೇ ಸಿಗಲಿ’ ಎಂದು ನಮ್ಮ ಮನಸ್ಸು ಆಟವಾಡುತ್ತದೆ. ತನಗೆ ಸಿಕ್ಕಿದ್ದು ಯಾವುದೆಂದು ನುಂಗುವವರಿಗೆ ತಿಳಿದಿರಬಾರದು. ಇನ್ನೂ ತಮಾಷೆಯೆಂದರೆ, ಕೊಡುವ ವೈದ್ಯರಿಗೂ ತಿಳಿದಿರಬಾರದು! ಗುಟ್ಟು ಪಟ್ಟಿಯೊಂದರಲ್ಲಿ ಭದ್ರವಾಗಿರುತ್ತದೆ, ಎಲ್ಲ ಮುಗಿದ ಮೇಲೆ ತೆಗೆದು ನೋಡುವುದು. ವಿಜ್ಞಾನದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಉಪಾಯಗಳಲ್ಲಿ ಇದೊಂದು. ದೊಡ್ಡ ಯಂತ್ರ ಬೇಡ, ದುಬಾರಿ ಸಾಮಾನು ಬೇಡ. ತಮ್ಮ ಕಣ್ಣನ್ನು ತಾವೇ ಕಟ್ಟಿಕೊಳ್ಳಲು ಒಪ್ಪಿದರೆ ಸಾಕು.

ನ್ಯೂಯಾರ್ಕಿನಲ್ಲಿ ಸ್ಟೀವನ್ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರು ಹೀಗೆಯೇ ಮಾಡಿದರು. ತೂಕ ಹೆಚ್ಚಿದ್ದ 135 ಮಂದಿ ಬಂದರು. 66 ಮಂದಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆ ಆಮ್ಲ ಸಿಗುವಷ್ಟು ಮಾತ್ರೆ, 69 ಮಂದಿಗೆ ಹುಸಿಮಾತ್ರೆ. ಎಲ್ಲರಿಗೂ ನಾರು ಹೆಚ್ಚಿರುವ, ಮಿತವಾದ ಒಂದೇ ಬಗೆಯ ಆಹಾರಕ್ರಮ. ಹೀಗೆ 12 ವಾರ. ನಡುವೆ ಬಿಟ್ಟುಹೋದವರೂ ಇದ್ದರು, ದೊಡ್ಡವರ ಶಾಲೆಯಲ್ಲೂ ಹಾಜರಿ ಅಷ್ಟಕ್ಕಷ್ಟೇ. ಕೊನೆಯವರೆಗೆ ಉಳಿದವರು ಎರಡೂ ಗುಂಪಿನಲ್ಲಿ 42, 42.

ಫಲಿತಾಂಶ 1998ರಲ್ಲಿ ಪ್ರಕಟವಾಯಿತು. ಉಪ್ಪಾಗೆ ಮಾತ್ರೆ ನುಂಗಿದವರ ತೂಕ ಸರಾಸರಿ 3.2 ಕಿಲೋ ಇಳಿದಿತ್ತು. ಆಹಾ ಎಂದಿರಾ? ಹುಸಿಮಾತ್ರೆ ನುಂಗಿದವರದು 4.1 ಕಿಲೋ ಇಳಿದಿತ್ತು!

ಎರಡನೇ ಗುಂಪು ಇರದೇ ಹೋಗಿದ್ದರೆ ಏನಾಗುತ್ತಿತ್ತು, ಯೋಚಿಸಿ. ‘12 ವಾರದಲ್ಲಿ 3.2 ಕಿಲೋ ಇಳಿಸಿದ ಕಾಡುಹಣ್ಣು’ ಎಂದು ಪತ್ರಿಕೆಗಳ ತುಂಬ ದಪ್ಪಕ್ಷರದಲ್ಲಿ ಬರುತ್ತಿತ್ತು. ಅಂಕಿ ಸುಳ್ಳಲ್ಲ, ಅದರಿಂದ ಹೇಳಿದ ಮಾತು ಮಾತ್ರ ಸುಳ್ಳಾಗಿರುತ್ತಿತ್ತು.

ಹಾಗಾದರೆ ಹುಸಿಮಾತ್ರೆಯೇ ಒಳ್ಳೆಯ ಔಷಧಿಯೇ? ಅದೂ ಅಲ್ಲ. ನಾಣ್ಯವನ್ನು ಹತ್ತು ಸಲ ಚಿಮ್ಮಿ ನೋಡಿ. ಪ್ರತಿ ಸಲವೂ ಐದು ತಲೆ, ಐದು ಹೂವು ಬೀಳುವುದಿಲ್ಲ. ಆರು ನಾಲ್ಕು ಆಗುತ್ತದೆ, ಏಳು ಮೂರೂ ಆಗುತ್ತದೆ. ನಾಣ್ಯದಲ್ಲಿ ಮೋಸವಿಲ್ಲ, ಅದು ಸುಮ್ಮನೆ ಆಗುವ ಏರುಪೇರು. ಎರಡು ಗುಂಪುಗಳ ನಡುವಿನ ಆ 0.9 ಕಿಲೋ ಕೂಡ ಅಂಥ ಏರುಪೇರಿನೊಳಗೇ ಬರುವಂಥದ್ದು ಎಂದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಇಳಿಸಿದ್ದು ಊಟದ ಶಿಸ್ತು, ಎರಡೂ ಕಡೆ.

ಅಡಕತ್ತರಿಯ ಕಲ್ಲು ಇಲಿಯಲ್ಲಿ ಕೆಲಸ ಮಾಡಿ, ಮನುಷ್ಯರಲ್ಲಿ ಏಕೆ ಮಾಡಲಿಲ್ಲ? ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಮಾತು ಈಗ ಬೇಕು. ಇಲಿಯ ಯಕೃತ್ತು ಸಕ್ಕರೆಯಿಂದ ಕೊಬ್ಬು ತಯಾರಿಸುವುದರಲ್ಲಿ ಬಹಳ ಚುರುಕು. ದಿನನಿತ್ಯದ ಊಟ ಮಾಡುವ ಮನುಷ್ಯರಲ್ಲಿ ಆ ದಾರಿಯಲ್ಲಿ ತಯಾರಾಗುವ ಕೊಬ್ಬು ಸ್ವಲ್ಪವೇ. ನಮ್ಮ ಮೈಯಲ್ಲಿ ಕೂಡುವ ಕೊಬ್ಬಿನ ಹೆಚ್ಚಿನ ಪಾಲು ನಾವು ತಿಂದ ಎಣ್ಣೆ, ತುಪ್ಪ, ಬೆಣ್ಣೆಯಿಂದಲೇ ಬರುತ್ತದೆ. ಅದಕ್ಕೆ ಅಡಕತ್ತರಿಯ ಹಂಗಿಲ್ಲ. ಹೆಚ್ಚು ಜನ ಓಡಾಡದ ದಾರಿಗೆ ಬೇಲಿ ಹಾಕಿದರೆ ಏನು ಬಂತು?

ಒಂದು ಪರೀಕ್ಷೆಯಿಂದಲೇ ಮುಗಿಯಿತೆಂದು ವಿಜ್ಞಾನಿಗಳು ಬಿಡುವುದಿಲ್ಲ. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ನೋಡಿದರು. 2011ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನ ಸಂಶೋಧಕರು ಅಂಥ ಹಲವು ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಮಾಡಿದರು. ಹುಸಿಮಾತ್ರೆಗಿಂತ ಉಪ್ಪಾಗೆ ಮಾತ್ರೆಯವರ ತೂಕ ಸರಾಸರಿ ಸುಮಾರು 880 ಗ್ರಾಂ ಹೆಚ್ಚು ಇಳಿದಂತೆ ಕಂಡಿತು. ಒಂದು ಕಿಲೋ ಕೂಡ ಇಲ್ಲ, ಅದರಿಂದ ಆರೋಗ್ಯಕ್ಕೆ ಪ್ರಯೋಜನವಿದೆಯೇ ಎಂಬುದೂ ಅನುಮಾನವೇ ಎಂದು ಅವರು ಬರೆದರು.

ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಸಾರಿಗೆ ಎರಡು ಚೂರು ಒಣಸಿಪ್ಪೆ ಹಾಕುವುದು ಬೇರೆ. ಹಣ್ಣಿನ ಆಮ್ಲವನ್ನಷ್ಟೇ ಹಿಂಡಿ ತೆಗೆದು, ಗಟ್ಟಿ ಮಾಡಿ, ದಿನವೂ ಮಾತ್ರೆಯಾಗಿ ನುಂಗುವುದು ಬೇರೆ. ಇಂಥ ಮಾತ್ರೆಗಳನ್ನು ನುಂಗಿದ ಕೆಲವರ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ‘ಗಿಡದ್ದು ತಾನೆ, ಏನೂ ಆಗುವುದಿಲ್ಲ’ ಎಂಬ ಮಾತನ್ನು ನಂಬಬೇಡಿ. ದತ್ತೂರಿಯೂ ಗಿಡದ್ದೇ. ಯಾವುದೇ ಸಾರವನ್ನು ನೀವು ತಿಂದು ಪರೀಕ್ಷಿಸಲು ಹೋಗಬಾರದು, ತಮ್ಮ ತಂಗಿಯರಿಗೆ ತಿನ್ನಿಸುವುದಂತೂ ಕೂಡದು.

ಹಾಗೆಂದು ಉಪ್ಪಾಗೆ ಸೋತುಹೋಯಿತೇ? ನನಗೇನೂ ಹಾಗೆ ಅನಿಸುವುದಿಲ್ಲ. ತೂಕ ಇಳಿಸುತ್ತೇನೆಂದು ಆ ಹಣ್ಣು ಯಾರಿಗೂ ಮಾತು ಕೊಟ್ಟಿರಲಿಲ್ಲ! ಅದರ ಹುಳಿ ಇಂದಿಗೂ ಅಷ್ಟೇ ಸೊಗಸು, ಕೊಡಗಿನ ಕಾಚಂಪುಳಿ ಇಂದಿಗೂ ಅಷ್ಟೇ ಕಪ್ಪು.

ಪರೀಕ್ಷೆ ಮಾಡುವ ಆಸೆ ನಿಮಗೂ ಹುಟ್ಟಿದ್ದರೆ ಅಪಾಯವಿಲ್ಲದ ಒಂದನ್ನು ಹೇಳಿಕೊಡುತ್ತೇನೆ. ಮುರುಗಲು ಬೀಜದಿಂದ ತೆಗೆದ ಗಟ್ಟಿ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಅದು ಕೊಬ್ಬರಿ ಎಣ್ಣೆಗಿಂತ ಮೇಲೋ? ಹಿಮ್ಮಡಿ ಒಡೆದಿರುವ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ ಒಪ್ಪಿಸಿ. ಒಂದು ಕಾಲಿಗೆ ಮುರುಗಲು ತುಪ್ಪ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ. ಯಾವ ಕಾಲಿಗೆ ಯಾವುದು ಎಂದು ನಾಣ್ಯ ಚಿಮ್ಮಿ ತೀರ್ಮಾನಿಸಿ. ಮೂರು ವಾರ ದಿನವೂ ರಾತ್ರಿ ಹಚ್ಚಿ. ಬಿರುಕುಗಳನ್ನು ಎಣಿಸುವ ಕೆಲಸವನ್ನು ಮಾತ್ರ, ಯಾವ ಕಾಲಿಗೆ ಏನು ಹಚ್ಚಿದ್ದೀರೆಂದು ತಿಳಿಯದ ಗೆಳೆಯನಿಗೋ ಗೆಳತಿಗೋ ವಹಿಸಿ, ಮೊದಲ ದಿನ ಒಮ್ಮೆ, ಕೊನೆಯ ದಿನ ಒಮ್ಮೆ. ಅಜ್ಜಿಗೆ ವಾಸನೆಯಿಂದ ಗೊತ್ತಾಗಿಬಿಡುತ್ತದೆ, ಅದಕ್ಕೇನು ಉಪಾಯವೆಂದು ನೀವೇ ಯೋಚಿಸಿ. ಒಂದೇ ಅಜ್ಜಿ ಸಾಲುವುದಿಲ್ಲ, ನಿಮ್ಮ ತರಗತಿಯವರೆಲ್ಲ ತಂತಮ್ಮ ಮನೆಯಲ್ಲಿ ಮಾಡಿ ಲೆಕ್ಕವನ್ನು ಒಂದೇ ಪಟ್ಟಿಯಲ್ಲಿ ಬರೆಯಿರಿ.